ಉರುಶಿ ಹಾಕಿ ಅಂಟಿಸಿದ ಬಟ್ಟಲು ಮೂರು ವಾರವಾದರೂ ಒಣಗಿಲ್ಲ, ಕೈ ಬೇರೆ ತುರಿಸುತ್ತಿದೆ. ಕಿಂಟ್ಸುಗಿ ಗೊತ್ತಿರುವವರು ಹೇಳಿ

ಚಹಾಬಟ್ಟಲು (ಜನವರಿ ಕೊನೆ)

ಎಲ್ಲರಿಗೂ ನಮಸ್ಕಾರ. ನಾನು ಯೊಕೊಹಾಮಾದಲ್ಲಿದ್ದೇನೆ, ಬಂದು ನಾಲ್ಕು ವರ್ಷವಾಯಿತು. ಪಕ್ಕದ ಮನೆಯ ಅಜ್ಜಿ ತಮ್ಮ ಊರು ಯಾಮಾಗುಚಿಗೆ ಹೋಗಿ ಬಂದಾಗ ನನಗೊಂದು ಹಾಗಿ-ಯಾಕಿ (ಅಲ್ಲಿನ ಹಾಗಿ ಊರಿನ ಮಣ್ಣಿನ ಪಾತ್ರೆ) ಚಹಾ ಬಟ್ಟಲು ತಂದುಕೊಟ್ಟಿದ್ದರು. ಕೆನೆಬಣ್ಣ, ಒಳಗೆಲ್ಲ ಕೂದಲೆಳೆಯಂಥ ಗೆರೆಗಳು, ಕೈಯಲ್ಲಿ ಹಿಡಿದರೆ ಬೆಚ್ಚಗೆ. ದಿನಾ ಅದರಲ್ಲೇ ಕಾಫಿ ಕುಡಿಯುತ್ತಿದ್ದೆ (ಅಜ್ಜಿಗೆ ಹೇಳಬೇಡಿ, ಅದು ಚಹಾದ್ದು). ಡಿಸೆಂಬರ್‌ನಲ್ಲಿ ಪಾತ್ರೆ ತೊಳೆಯುವಾಗ ಕುಕ್ಕರ್ ಮುಚ್ಚಳ ಜಾರಿ ಅದರ ಮೇಲೆ ಬಿತ್ತು. ಮೂರು ದೊಡ್ಡ ಚೂರು. ಅಂಚಿನಲ್ಲಿ ಹುಣಸೆಬೀಜದಷ್ಟು ಒಂದು ಚೂರು ಸಿಗಲೇ ಇಲ್ಲ, ಸಿಂಕಿನಲ್ಲಿ ಹೋಗಿರಬೇಕು.

ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ ಅಂತ ಅತ್ತೆ ವಿಡಿಯೋ ಕಾಲ್‌ನಲ್ಲೇ ಹೇಳಿದರು. ನನಗೆ ಎಸೆಯುವ ಮನಸ್ಸಾಗಲಿಲ್ಲ. ಒಡೆದ ಪಾತ್ರೆಯನ್ನು ಉರುಶಿ ಅನ್ನುವ ಮರದ ಸೊನೆಯಿಂದ ಅಂಟಿಸಿ ಬಿರುಕಿನ ಮೇಲೆ ಚಿನ್ನ ಎಳೆಯುವ ಜಪಾನಿ ವಿದ್ಯೆ ಇದೆಯಲ್ಲ, ಕಿಂಟ್ಸುಗಿ, ಆನ್‌ಲೈನ್‌ನಲ್ಲಿ ಅದರದೊಂದು ಕಿಟ್ ತರಿಸಿದೆ. ಉರುಶಿ ಟ್ಯೂಬು, ಮಣ್ಣಿನ ಪುಡಿ, ಒಂದು ಸಣ್ಣ ಕುಂಚ, ಚಿನ್ನದ ಬಣ್ಣದ ಪುಡಿ, ಜಪಾನಿಯಲ್ಲಿ ಒಂದು ಪುಸ್ತಿಕೆ. ಫೋನ್ ಹಿಡಿದು ಅನುವಾದ ಮಾಡಿಕೊಂಡು ಓದಿದೆ. ಮೈದಾ, ನೀರು, ಉರುಶಿ ಕಲಸಿ, ಚೂರುಗಳಿಗೆ ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟೆ.

ಒಣಗಲಿ ಅಂತ ಹಗಲು ಬಿಸಿಲು ಬೀಳುವ ಕಿಟಕಿಯಲ್ಲಿ, ರಾತ್ರಿ ಹೀಟರ್ ಎದುರು. ಅಮ್ಮ ಸಂಡಿಗೆ ಒಣಗಿಸಿದಷ್ಟು ಶ್ರದ್ಧೆಯಿಂದ ನೋಡಿಕೊಂಡಿದ್ದೇನೆ. ಮೂರು ವಾರವಾದ ಮೇಲೆ ನಿನ್ನೆ ರಬ್ಬರ್ ಬ್ಯಾಂಡ್ ತೆಗೆದರೆ ಚೂರುಗಳು ಮೆಲ್ಲಗೆ ಜಾರಿಕೊಂಡವು. ಒಳಗೆ ಕರಗಿದ ಚಾಕಲೇಟಿನ ಹಾಗೆ ಇನ್ನೂ ಅಂಟಂಟು. ಜೊತೆಗೆ ಎಡ ಮುಂಗೈಯಲ್ಲಿ ಸಣ್ಣ ಸಣ್ಣ ಬೊಕ್ಕೆ ಎದ್ದು ತಡೆಯಲಾರದ ತುರಿಕೆ. ಇವತ್ತು ಕಣ್ಣಿನ ರೆಪ್ಪೆಯೂ ಊದಿದೆ.

ಎಲ್ಲಿ ತಪ್ಪಿದೆ? ಉರುಶಿಯೇ ಕೆಟ್ಟದ್ದಾ? ಮತ್ತೆ ಮೊದಲಿನಿಂದ ಮಾಡಬಹುದಾ, ಅಥವಾ ಬಟ್ಟಲು ಹೋದ ಹಾಗೇನಾ?

---

ಎರಡನೇಶನಿವಾರ

ಮೊದಲು ಬಟ್ಟಲು ಬಿಡಿ, ಕಣ್ಣು ನೋಡಿಕೊಳ್ಳಿ. ರೆಪ್ಪೆ ಊದಿದೆ ಅಂದರೆ ಇವತ್ತೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಇಲ್ಲಿ ಅದಕ್ಕೆ ‘ಹಿಫುಕಾ’ ಅನ್ನುತ್ತಾರೆ. ‘ಉರುಶಿ ಕಬುರೆ’ (ಉರುಶಿ ತಾಗಿ ಏಳುವ ಬೊಕ್ಕೆ) ಅಂತ ಎರಡೇ ಪದ ಹೇಳಿ, ಸಾಕು, ಅವರಿಗೆ ಅರ್ಥವಾಗುತ್ತದೆ. ಟ್ಯೂಬಿನ ಫೋಟೋ ತೋರಿಸಿ. ಅದು ತಾಗಿದ ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ, ಎದ್ದ ಮೇಲೆ ಒಂದೆರಡು ವಾರ ಕಾಡುತ್ತದೆ. ಗ್ಲೌಸ್ ಹಾಕಿರಲಿಲ್ಲ ಅಂದುಕೊಳ್ಳುತ್ತೇನೆ. ಕಿಟ್ ಪುಸ್ತಿಕೆಯಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ಇನ್ನು ಬಟ್ಟಲು. ಉರುಶಿ ಕೆಟ್ಟಿಲ್ಲ ಅಂತ ನನ್ನ ಊಹೆ. ಕೆಟ್ಟದ್ದು ನಿಮ್ಮ ಸಂಡಿಗೆ ಲೆಕ್ಕ. ಉರುಶಿ ಒಣಗುವುದಿಲ್ಲ ಅಕ್ಕಾ. ‘ಒಣಗುವುದು’ ಅನ್ನುವ ಪದವೇ ತಪ್ಪು ದಾರಿ ಹಿಡಿಸುತ್ತದೆ. ಅದು ಮರದ ಸೊನೆ. ಅದರಲ್ಲಿ ಉರುಶಿಯಾಲ್ ಅನ್ನುವ ಎಣ್ಣೆಯಂಥ ವಸ್ತು ಇರುತ್ತದೆ, ಜೊತೆಗೆ ಲ್ಯಾಕೇಸ್ ಅನ್ನುವ ಕಿಣ್ವ ಇರುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಆ ಕಿಣ್ವ ಆಮ್ಲಜನಕ ಹಿಡಿದು ಎಣ್ಣೆಯನ್ನು ಗಟ್ಟಿ ಮಾಡುತ್ತದೆ. ತೇವ ಇಲ್ಲದಿದ್ದರೆ ಅದು ಸುಮ್ಮನೆ ಕೂತಿರುತ್ತದೆ. ಜನವರಿಯಲ್ಲಿ ಯೊಕೊಹಾಮಾ ಗಾಳಿ ಮೊದಲೇ ಒಣಗಿದ್ದು, ಅದರ ಮೇಲೆ ಹೀಟರ್. ನೀವು ಮೂರು ವಾರ ಅದಕ್ಕೆ ಕೆಲಸ ಮಾಡಲು ಬಿಟ್ಟೇ ಇಲ್ಲ.

ಸಂಡಿಗೆ ಬಿಟ್ಟು ದೋಸೆ ಹಿಟ್ಟು ಅಂದುಕೊಳ್ಳಿ. ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲಿಲ್ಲ ಅಂದರೆ ನಾವೇನು ಮಾಡುತ್ತೇವೆ? ಬೆಚ್ಚಗೆ ಮುಚ್ಚಿಡುತ್ತೇವೆ. ಇದೂ ಅಷ್ಟೇ, ಜೊತೆಗೆ ತೇವ ಬೇಕು. 20ರಿಂದ 28 ಡಿಗ್ರಿ, ಗಾಳಿಯ ತೇವಾಂಶ ನೂರಕ್ಕೆ 70ರಿಂದ 80. ಇಲ್ಲಿನ ಕೆಲಸಗಾರರು ಇದಕ್ಕಾಗಿ ಮರದ ಕಪಾಟು ಇಟ್ಟಿರುತ್ತಾರೆ, ‘ಮುರೊ’ ಅಂತ. ನಮಗೆ ಅದೆಲ್ಲ ಬೇಡ. ಮೀನು ಬರುವ ಥರ್ಮಾಕೋಲ್ ಡಬ್ಬಿ ಸೂಪರ್‌ಮಾರ್ಕೆಟ್ಟಿನಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ತಳದಲ್ಲಿ ಹಿಂಡಿದ ಒದ್ದೆ ಟವೆಲ್, ಅದರ ಮೇಲೆ ಎರಡು ಚಾಪ್‌ಸ್ಟಿಕ್ ಅಡ್ಡ ಹಾಕಿ ಒಂದು ತಟ್ಟೆ, ತಟ್ಟೆಯ ಮೇಲೆ ಬಟ್ಟಲು. ಟವೆಲ್ ಬಟ್ಟಲಿಗೆ ತಾಗಬಾರದು. ತೇವ ಅಳೆಯುವ ಸಣ್ಣ ಮೀಟರ್ ಒಂದು ಒಳಗಿಡಿ. ಚಳಿ ಜಾಸ್ತಿ ಇದ್ದರೆ ಬಿಸಿನೀರು ತುಂಬಿದ ಬಾಟಲಿ ಒಂದು ಮೂಲೆಯಲ್ಲಿ. ನಾನು ಸಾಕುಪ್ರಾಣಿಗಳಿಗೆ ಹಾಸುವ ಬಿಸಿ ಮ್ಯಾಟ್ ಡಬ್ಬಿಯ ಕೆಳಗೆ ಇಡುತ್ತೇನೆ, ಆಮೆಗೆ ಅಂತ ಅಂಗಡಿಯವನಿಗೆ ಸುಳ್ಳು ಹೇಳಿ ತಂದದ್ದು.

ಉರುಶಿ ಸರಿಯಿದೆಯಾ ಅನ್ನುವುದಕ್ಕೆ ಒಂದು ಪರೀಕ್ಷೆ. ಗಾಜಿನ ಚೂರಿನ ಮೇಲೆ ಟ್ಯೂಬಿನಿಂದ ತೆಳ್ಳಗೆ ಒಂದು ಗೆರೆ ಎಳೆದು ಡಬ್ಬಿಯಲ್ಲಿಡಿ. ಒಂದೆರಡು ದಿನದಲ್ಲಿ ಉಗುರಿಗೆ ಗಟ್ಟಿ ಸಿಕ್ಕರೆ ಉರುಶಿ ಸರಿ ಇದೆ. ಹಳೇ ಉರುಶಿಯಲ್ಲಿ ಕಿಣ್ವದ ಶಕ್ತಿ ಕುಂದುತ್ತದೆ, ಅದಕ್ಕೇ ಟ್ಯೂಬನ್ನು ಫ್ರಿಜ್ಜಿನಲ್ಲಿಡಿ (ಮಕ್ಕಳ ಕೈಗೆ ಸಿಗದ ಹಾಗೆ, ಮತ್ತೆ ಚಟ್ನಿಪುಡಿ ಪಕ್ಕದಲ್ಲಿ ಬೇಡ).

ಮೊದಲಿನಿಂದ ಮಾಡಬಹುದು. ಗಟ್ಟಿಯಾಗದಿರುವುದೇ ಈಗ ನಿಮ್ಮ ಅದೃಷ್ಟ. ಕೈ ವಾಸಿಯಾದ ಮೇಲೆ ಗ್ಲೌಸ್ ಹಾಕಿಕೊಂಡು ಚಾಕುವಿನಿಂದ ಕೆರೆದು ಟರ್ಪಂಟೈನ್‌ನಲ್ಲಿ ಒರೆಸಿದರೆ ಬರುತ್ತದೆ. ಪೂರ್ತಿ ಗಟ್ಟಿಯಾಗಿದ್ದರೆ ಅಳಬೇಕಾಗಿತ್ತು.

---

ಕಾಡುಗೇರು

ನಾನು ಹೊನ್ನಾವರ ಕಡೆಯವನು, ಈಗ ಒಸಾಕಾದಲ್ಲಿ ಕೆಲಸ. ಕಿಂಟ್ಸುಗಿ ಮಾಡಿಲ್ಲ, ಆದರೆ ಬೊಕ್ಕೆ ವಿಷಯದಲ್ಲಿ ನನ್ನದೂ ಸ್ವಲ್ಪ ಅನುಭವ ಇದೆ.

ಉರುಶಿ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಮಾವಿನಕಾಯಿ ಕೊಯ್ಯುವಾಗ ತೊಟ್ಟಿನ ಸೊನೆ ತಾಗಿ ತುಟಿ ಪಕ್ಕ ಸುಟ್ಟುಕೊಂಡವರು ಇಲ್ಲಿ ಎಷ್ಟು ಜನ ಇಲ್ಲ ಹೇಳಿ. ಹಸಿ ಗೇರುಬೀಜ ಒಡೆದರೆ ಸಿಪ್ಪೆಯ ಎಣ್ಣೆ ಕೈ ಸುಟ್ಟು ಚರ್ಮ ಸುಲಿದು ಬರುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಕಾಯಿಯೂ ಇದೇ ಜಾತಿ. ಆ ಗುರುತು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಉರುಶಿಯೂ ಅದೇ ಥರ ಚರ್ಮದ ಮೇಲೆ ಕಪ್ಪಗೆ ಕೂತುಬಿಡುತ್ತದೆ. ಹಾಗಾಗಿ ಜಪಾನಿನವರಿಗೆ ಮಾತ್ರ ಗೊತ್ತಿರುವ ನಿಗೂಢ ವಿಷ ಅಂತ ಏನೂ ಇಲ್ಲ. ನಮ್ಮ ಅಜ್ಜಿ ಗೇರುಬೀಜ ಸುಲಿಯುವ ಮೊದಲು ಕೈಗೆ ಬೂದಿ ಸವರಿಕೊಳ್ಳುತ್ತಿದ್ದರು.

ಚಹಾಬಟ್ಟಲು ಅವರೇ, ನಿಮಗೆ ಮಾವಿನ ಸೊನೆ ತಾಗಿದರೆ ಮೈ ಏಳುತ್ತದಾ? ಹೌದಾದರೆ ಉರುಶಿಯಲ್ಲಿ ಇನ್ನೂ ಜಾಗ್ರತೆ ಬೇಕು. ಉದ್ದ ತೋಳಿನ ಹಳೇ ಅಂಗಿ ಹಾಕಿ, ಗ್ಲೌಸನ್ನು ತೋಳಿನ ಮೇಲೆ ಎಳೆದುಕೊಳ್ಳಿ. ನಿಮಗೆ ಎದ್ದಿರುವುದು ಮುಂಗೈಯಲ್ಲಿ, ಅಂದರೆ ಮೇಜಿನ ಮೇಲೆ ಬಿದ್ದದ್ದು ತಾಗಿದೆ. ಆ ಕೈಯಲ್ಲೇ ಕಣ್ಣು ಉಜ್ಜಿದ್ದೀರಿ.

---

ಎರಡನೇಶನಿವಾರ

@ಕಾಡುಗೇರು ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ತಾಗಿದ್ದು ಕಣ್ಣಿಗೆ ಕಂಡರೆ ಮೊದಲು ಸೋಪು ನೀರು ಬೇಡ, ಅಡುಗೆ ಎಣ್ಣೆ ಹಾಕಿ ಕಾಗದದಲ್ಲಿ ಒರೆಸಿ, ಎರಡು ಮೂರು ಸಲ, ಆಮೇಲೆ ಸೋಪು. ಕುಂಚ ತೊಳೆಯುವುದೂ ಅಡುಗೆ ಎಣ್ಣೆಯಲ್ಲೇ. ಆದರೆ ಅದೇ ಕುಂಚವನ್ನು ಮತ್ತೆ ಬಳಸುವ ಮೊದಲು ಎಣ್ಣೆಯನ್ನೆಲ್ಲ ಟರ್ಪಂಟೈನ್‌ನಲ್ಲಿ ತೆಗೆಯಬೇಕು. ಉರುಶಿಗೆ ಅಡುಗೆ ಎಣ್ಣೆ ಬೆರೆತರೆ ಅದು ಗಟ್ಟಿಯಾಗುವುದೇ ಇಲ್ಲ.

---

ಅರ್ಜೆಂಟ್‌ಆಸಾಮಿ

ಇಷ್ಟೆಲ್ಲ ಯಾಕೆ ಅಂತೀನಿ. ನಾನು ಕಾಫಿ ಮಗ್ ಒಂದನ್ನು ಎಪಾಕ್ಸಿ ಹಾಕಿ ಅಂಟಿಸಿದೆ, ಅದೇ ಅಂಟಿಗೆ ಚಿನ್ನದ ಬಣ್ಣದ ಪುಡಿ ಕಲಸಿ ಬಿರುಕಿನ ಮೇಲೆ ಎಳೆದೆ. ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು. ನೋಡಿದವರೆಲ್ಲ ವಾವ್ ಅಂದರು. ಬೊಕ್ಕೆ ಇಲ್ಲ, ಮೀನಿನ ಡಬ್ಬಿ ಇಲ್ಲ, ಆಮೆಯೂ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ ಅರ್ಧಕ್ಕರ್ಧ ಕಿಟ್ ಇದೇ ತಾನೇ?

---

ಎರಡನೇಶನಿವಾರ

ಹೂದಾನಿಗೆ, ಶೋಕೇಸಿಗೆ ನೂರಕ್ಕೆ ನೂರು ಒಪ್ಪುತ್ತೇನೆ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೆ ಅದರಲ್ಲಿ ಕಾಫಿ ಕುಡಿಯುತ್ತಿದ್ದೀರಾ? ಅಂಗಡಿಯಲ್ಲಿ ಸಿಗುವ ಎಪಾಕ್ಸಿ ಅಂಟು ಹೆಚ್ಚಿನವು ಊಟದ ಪಾತ್ರೆಗೆ ಅಂತ ಮಾಡಿದ್ದಲ್ಲ, ಬಿಸಿಗೆ ಮೆತ್ತಗಾಗುತ್ತವೆ. ಕಿಟ್‌ನಲ್ಲಿ ಬರುವ ‘ಚಿನ್ನ’ ಮುಕ್ಕಾಲು ಪಾಲು ಹಿತ್ತಾಳೆ ಪುಡಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅದಕ್ಕೇ ಕಲಾಯಿ ಹಾಕಿಸುತ್ತಿದ್ದೆವು. ಉರುಶಿ ಪೂರ್ತಿ ಗಟ್ಟಿಯಾದ ಮೇಲೆ ಬಿಸಿ ಸಾರು, ಹುಳಿ, ಮದ್ಯ ಯಾವುದಕ್ಕೂ ಜಗ್ಗುವುದಿಲ್ಲ. ಜಪಾನಿನಲ್ಲಿ ಮಿಸೊ ಸಾರು ಕುಡಿಯುವ ಮರದ ಬಟ್ಟಲುಗಳಿಗೆ ಬಳಿಯುತ್ತಿದ್ದದ್ದು ಇದನ್ನೇ. ಬಿಸಿಲು ಮಾತ್ರ ಆಗದು, ಕಾಲಕ್ರಮೇಣ ಹಾಳು ಮಾಡುತ್ತದೆ.

ಒಂದೇ ಸಿಟ್ಟು ನನಗೆ, ಎಪಾಕ್ಸಿ ಇಟ್ಟು ಡಬ್ಬಿಯ ಮೇಲೆ ‘ಸಾಂಪ್ರದಾಯಿಕ’ ಅಂತ ಬರೆಯುವವರ ಮೇಲೆ. ಚಹಾಬಟ್ಟಲು ಅವರಿಗೆ ಬೊಕ್ಕೆ ಬಂದಿದೆ, ಹಾಗಾಗಿ ಅವರ ಕಿಟ್‌ನ ಉರುಶಿ ಅಸಲಿ!

---

ಚಹಾಬಟ್ಟಲು

ಡಾಕ್ಟರ ಹತ್ತಿರ ಹೋಗಿ ಬಂದೆ. ‘ಉರುಶಿ ಕಬುರೆ’ ಅಂದ ತಕ್ಷಣ ಅವರು ನಕ್ಕುಬಿಟ್ಟರು, ಕಿಂಟ್ಸುಗಿಯಾ ಅಂತ ಅವರೇ ಕೇಳಿದರು. ಮುಲಾಮು, ಮಾತ್ರೆ ಕೊಟ್ಟಿದ್ದಾರೆ, ಕಣ್ಣು ಇಳಿಯುತ್ತಿದೆ. ಮತ್ತೆ ಹೌದು, ಚಿಕ್ಕವಳಿದ್ದಾಗ ಮಾವಿನ ಸೊನೆಗೆ ತುಟಿ ಊದುತ್ತಿತ್ತು. ಆಗ ಅಮ್ಮ ಬೈದದ್ದು ಈಗ ನೆನಪಾಯಿತು.

ಗಾಜಿನ ಪರೀಕ್ಷೆ ಮಾಡಿದೆ. ಮಾರನೇ ದಿನ ಸಂಜೆಗೇ ಗೆರೆ ಗಟ್ಟಿ! ಹಾಗಾದರೆ ಮೂರು ವಾರ ನಾನೇ ಅದನ್ನು ಉಪವಾಸ ಕೆಡವಿದ್ದು.

ಈಗ ಮುಂದಿನದ್ದು ಹೇಳಿ. ಮೈದಾ ಎಷ್ಟು, ಹೇಗೆ? ಹೋದ ಚೂರಿನ ಜಾಗಕ್ಕೆ ಏನು ಹಾಕುವುದು? ಇನ್ನೊಂದು, ಅಂಟಿಸಿದ ಜಾಗದ ಅಕ್ಕಪಕ್ಕ ಬಟ್ಟಲಿಗೆ ಕಂದು ಕಲೆ ಹಿಡಿದಿದೆ, ಟರ್ಪಂಟೈನ್‌ಗೂ ಹೋಗುತ್ತಿಲ್ಲ.

---

ಎರಡನೇಶನಿವಾರ

ಆ ಕಲೆ ಇನ್ನು ಹೋಗುವುದು ಕಷ್ಟ, ಬೇಜಾರು ಮಾಡಿಕೊಳ್ಳಬೇಡಿ. ಹಾಗಿ ಮಣ್ಣು ಮೆತ್ತಗಿನದು, ಸುಟ್ಟ ಮೇಲೂ ನೀರು ಹೀರುತ್ತದೆ. ಕುಡಿದು ಕುಡಿದು ಬಣ್ಣ ಬದಲಾಗುವುದೇ ಅದರ ಸೊಗಸು, ಹಾಗಿಗೆ ಏಳು ವೇಷ ಅಂತ ಇಲ್ಲಿ ಒಂದು ಮಾತೇ ಇದೆ. ನಿಮ್ಮದು ಈಗಾಗಲೇ ಕಾಫಿ ವೇಷ ಹಾಕಿದೆ. ಇಂಥ ಬಟ್ಟಲಿಗೆ ಉರುಶಿ ಮುಟ್ಟಿಸುವ ಮೊದಲು ಒಡಕಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಬೇಕು. ನುಣುಪಾದ ಪಿಂಗಾಣಿಗೆ ಈ ತಲೆನೋವಿಲ್ಲ, ಒರೆಸಿದರೆ ಹೋಗುತ್ತದೆ. ಅಂದರೆ ನೀವು ಮೊದಲ ಪಾಠಕ್ಕೇ ಕಷ್ಟದ ಪಾತ್ರೆ ಹಿಡಿದಿದ್ದೀರಿ.

ಅದಕ್ಕೇ ಒಂದು ಮಾತು. ಅಜ್ಜಿಯ ಬಟ್ಟಲನ್ನು ಕಟ್ಟಿ ಪಕ್ಕಕ್ಕಿಡಿ. ನೂರು ಯೆನ್ ಅಂಗಡಿಯಿಂದ ಎರಡು ಪಿಂಗಾಣಿ ತಟ್ಟೆ ತನ್ನಿ, ಟವೆಲ್‌ನಲ್ಲಿ ಸುತ್ತಿ ಒಡೆಯಿರಿ, ಅದರ ಮೇಲೆ ಕಲಿಯಿರಿ. ನಾನು ಕ್ಯೋಟೋದಲ್ಲಿ ತಿಂಗಳಿಗೆ ಎರಡು ಶನಿವಾರ ಕ್ಲಾಸಿಗೆ ಹೋಗುತ್ತಿದ್ದೆ, ಎರಡು ವರ್ಷ. ಮೊದಲ ನಾಲ್ಕು ತಿಂಗಳು ಚಿನ್ನದ ಮುಖ ನೋಡಿಲ್ಲ. ಹಿಟ್ಟು ಕಲಸು, ಅಂಟಿಸು, ಕೆರೆ, ಮತ್ತೆ ಕಲಸು. ಗಾಜಿನ ಮೇಲೆ ಕುಂಚದಲ್ಲಿ ಗೆರೆ ಎಳೆಯುವುದೇ ಮೂರು ಕ್ಲಾಸು. ಒಂದು ದಿನ ಅಂಟಿಸಿದ್ದನ್ನು ಹೆಮ್ಮೆಯಿಂದ ತೋರಿಸಿದರೆ ಸೆನ್ಸೆ (ಕಲಿಸುವ ಗುರುಗಳು) ಉಗುರಿನಿಂದ ಒಡಕಿನ ಮೇಲೆ ಹಾಗೇ ಎಳೆದರು. ಉಗುರು ತಟಕ್ ಅಂತ ನಿಂತಿತು. ಎರಡು ಚೂರಿನ ನಡುವೆ ಒಂದು ಕೂದಲಿನಷ್ಟು ಮೆಟ್ಟಿಲು. ಏನೂ ಹೇಳಲಿಲ್ಲ, ವಾಪಸ್ ಕೊಟ್ಟರು. ಚಿನ್ನ ಹಾಕಿದ ಮೇಲೆ ಆ ಮೆಟ್ಟಿಲು ಹತ್ತು ಪಟ್ಟು ಕಾಣುತ್ತದೆ ಅಂತ ನನಗೆ ಗೊತ್ತಾದದ್ದು ಆರು ತಿಂಗಳ ನಂತರ.

ಈಗ ಅಂಟು. ಅದರ ಹೆಸರು ‘ಮುಗಿ-ಉರುಶಿ’. ಜಪಾನಿಯಲ್ಲಿ ಮುಗಿ ಅಂದರೆ ಗೋಧಿ. ಕನ್ನಡದ ಮುಗಿ ಅಂತ ನಂಬಿ ಮೋಸ ಹೋಗಬೇಡಿ, ಅಲ್ಲಿಂದಲೇ ಕೆಲಸ ಶುರು. ಮೈದಾಕ್ಕೆ ಹನಿ ಹನಿ ನೀರು ಹಾಕಿ ಹೋಳಿಗೆಯ ಕಣಕದ ಹಾಗೆ ನಾದಿ. ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು. ನೀರು ಜಾಸ್ತಿಯಾಗುವುದೇ ಎಲ್ಲರ ತಪ್ಪು. ಆಮೇಲೆ ಕಿ-ಉರುಶಿಯನ್ನು (ಅಂದರೆ ಹಸಿ ಉರುಶಿ, ನಿಮ್ಮ ಟ್ಯೂಬಿನಲ್ಲಿರುವುದು) ಸ್ವಲ್ಪ ಸ್ವಲ್ಪವೇ ಸೇರಿಸಿ ತಿರುವಿ, ಹೆಚ್ಚುಕಡಿಮೆ ಹಿಟ್ಟಿನಷ್ಟೇ. ಚಮಚ ಎತ್ತಿದರೆ ಜೇಡನ ಬಲೆಯಂತೆ ಎಳೆ ಬರಬೇಕು. ಮೈದಾದ ಜಿಗುಟು ಮತ್ತು ಉರುಶಿ ಎರಡೂ ಸೇರಿ ಹಿಡಿಯುತ್ತವೆ.

ಅದಕ್ಕೂ ಮುಂಚೆ ಒಡಕಿನ ಬಾಯಿಗೆ ಬರೀ ಉರುಶಿಯನ್ನು ತೆಳ್ಳಗೆ ಬಳಿದು ಒರೆಸಿ ಡಬ್ಬಿಯಲ್ಲಿಟ್ಟು ಗಟ್ಟಿ ಮಾಡಿ. ನಿಮ್ಮ ಬಟ್ಟಲಿಗೆ ಇದು ಬೇಕೇಬೇಕು, ಇಲ್ಲದಿದ್ದರೆ ಮಣ್ಣು ಅಂಟನ್ನೆಲ್ಲ ಕುಡಿದುಬಿಡುತ್ತದೆ. ಬಟ್ಟಲು ತೊಳೆದ ಮೇಲೆ ಒಂದು ವಾರ ಒಣಗಲಿ. ಅದಕ್ಕೆ ಮಾತ್ರ ನಿಮ್ಮ ಕಿಟಕಿ ಬಿಸಿಲು ಬಳಸಿಕೊಳ್ಳಿ!

ಅಂಟನ್ನು ಎರಡೂ ಬದಿಗೆ ತೆಳ್ಳಗೆ ಸವರಿ, ಅರ್ಧ ಗಂಟೆ ಹಾಗೇ ಬಿಟ್ಟು, ಬೆರಳಿಗೆ ಎಳೆಯುವಂತಾದಾಗ ಕೂಡಿಸಿ ಒತ್ತಿ. ಕೂಡಿಸುವ ಮೊದಲು ಯಾವ ಚೂರು ಮೊದಲು, ಯಾವುದು ಕೊನೆ ಅಂತ ಒಣಗಿದ ಚೂರುಗಳನ್ನೇ ಜೋಡಿಸಿ ನೋಡಿಕೊಳ್ಳಿ, ಇಲ್ಲದಿದ್ದರೆ ಕೊನೆಯ ಚೂರಿಗೆ ಜಾಗವೇ ಇರುವುದಿಲ್ಲ. ಟೇಪಿನಿಂದ ಬಿಗಿದು ಡಬ್ಬಿಯೊಳಗೆ. ಕಡಿಮೆ ಅಂದರೆ ಎರಡು ವಾರ, ನಾನು ಮೂರು ಬಿಡುತ್ತೇನೆ. ದಿನಾ ತೆಗೆದು ಅಲ್ಲಾಡಿಸಿ ನೋಡಬೇಡಿ, ಎಲ್ಲರೂ ನೋಡುತ್ತಾರೆ.

ಹೋದ ಚೂರು ಹುಣಸೆಬೀಜದಷ್ಟು ಅಂದಿರಿ. ಅಷ್ಟು ದೊಡ್ಡದಕ್ಕೆ ಇದೇ ಅಂಟಿಗೆ ನುಣ್ಣನೆಯ ಮರದ ಪುಡಿ ಕಲಸಿ ತುಂಬುತ್ತಾರೆ, ಅದು ಕೊಕುಸೊ. ಒಂದೇ ಸಲ ಗುಡ್ಡೆ ಹಾಕಿದರೆ ಮೇಲೆ ಗಟ್ಟಿ, ಒಳಗೆ ಹಸಿ ಉಳಿಯುತ್ತದೆ, ಎರಡು ಮೂರು ಕಂತಿನಲ್ಲಿ ತುಂಬಿ. ಅದರ ಮೇಲಿನ ಸಣ್ಣ ತೂತು, ತಗ್ಗುಗಳಿಗೆ ನಿಮ್ಮ ಕಿಟ್‌ನ ಮಣ್ಣಿನ ಪುಡಿ, ಅದರ ಹೆಸರು ತೊನೊಕೊ. ನೀರಿನಲ್ಲಿ ಕಲಸಿ ಪೇಸ್ಟ್ ಮಾಡಿ ಆಮೇಲೆ ಉರುಶಿ ಸೇರಿಸಿದರೆ ಸಬಿ-ಉರುಶಿ. ಉರುಶಿ ಕಡಿಮೆಯಾದರೆ ಉದುರುತ್ತದೆ, ಜಾಸ್ತಿಯಾದರೆ ಸುಕ್ಕಾಗುತ್ತದೆ. ಗಟ್ಟಿಯಾದ ಮೇಲೆ ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಿ, ಆ ಕೆಸರು ನೀರೂ ಕೈಗೆ ಆಗದು, ಗ್ಲೌಸ್ ಇರಲಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಿರುಕು ಎಲ್ಲಿದೆ ಅಂತ ಗೊತ್ತಾಗಬಾರದು.

---

ಬೆಂಗ್ಳೂರ್‌ಬುಗುರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಚನ್ನಪಟ್ಟಣದ ಗೊಂಬೆಗೂ ‘ಲ್ಯಾಕರ್’ ಅಂತಲೇ ಹೇಳುತ್ತಾರಲ್ಲ, ಅರಗು. ಅದು ಇಲ್ಲೇ ಸಿಗುತ್ತದೆ, ಅದನ್ನೇ ಹಾಕಬಹುದಾ? ಬೆಂಗಳೂರಿನಲ್ಲಿ ಈ ಮುರೊ ಎಲ್ಲ ಬೇಕಾಗುತ್ತದಾ?

---

ಎರಡನೇಶನಿವಾರ

ಹೆಸರು ಒಂದೇ, ವಸ್ತು ಬೇರೆ. ಲ್ಯಾಕರ್ ಅನ್ನುವ ಪದ ಬಂದದ್ದೇ ನಮ್ಮ ಲಾಕ್ಷಾದಿಂದ, ಅಂದರೆ ಅರಗಿನಿಂದ. ಅರಗು ಹುಳು ಮಾಡುವ ಅಂಟು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಕರಗಿ ಹಿಡಿಯುತ್ತದೆ. ಬಿಸಿಗೆ ಕರಗಿ ಹಿಡಿದದ್ದು ಬಿಸಿ ಕಾಫಿಗೆ ಮತ್ತೆ ಮೆತ್ತಗಾಗುತ್ತದೆ. ಉರುಶಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಬುಗುರಿಗೆ ಅರಗೇ ಸರಿ, ಬಟ್ಟಲಿಗೆ ಬೇಡ.

ಬೆಂಗಳೂರಿನ ಚಳಿ ಯೊಕೊಹಾಮಾದ ಮುಂದೆ ಏನೂ ಅಲ್ಲ, ನಿಮ್ಮ ಕೆಲಸ ಸುಲಭ. ಮಾರ್ಚ್ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿರುತ್ತದೆ, ಆಗ ಒದ್ದೆ ಬಟ್ಟೆಯ ಡಬ್ಬಿ ಬೇಕು. ಮಳೆಗಾಲದ ಮಂಗಳೂರಿನಲ್ಲಾದರೆ ಮನೆಯೇ ಮುರೊ.

---

ಕಾಡುಗೇರು

ಒಂದು ಟ್ಯೂಬು ಉರುಶಿಗೆ ಅಷ್ಟು ದುಡ್ಡು ಯಾಕೆ ಅಂತ ಒಮ್ಮೆ ಹುಡುಕಿ ನೋಡಿದ್ದೆ. ಸುಳ್ಯ, ಪುತ್ತೂರು ಕಡೆ ರಬ್ಬರ್ ಮರ ಗೀರುವುದು ನೋಡಿದ್ದೀರಲ್ಲ, ಅದೇ ಥರ ಗೀರಿ ತೆಗೆಯುತ್ತಾರೆ. ಆದರೆ ರಬ್ಬರ್ ಮರ ವರ್ಷಗಟ್ಟಲೆ ಕೊಡುತ್ತದೆ. ಇಲ್ಲಿ ಹತ್ತು ಹದಿನೈದು ವರ್ಷ ಬೆಳೆಸಿದ ಮರವನ್ನು ಜೂನ್‌ನಿಂದ ಶರತ್ಕಾಲದವರೆಗೆ ಒಂದೇ ಸೀಸನ್ ಗೀರಿ, ಸುಮಾರು 200 ಮಿಲಿ ಸೊನೆ ತೆಗೆದು, ಮರ ಕಡಿದುಬಿಡುತ್ತಾರೆ. ಕಡಿದ ಬುಡದಿಂದ ಹೊಸ ಚಿಗುರು ಬಂದು ಮತ್ತೆ ಮರವಾಗಬೇಕು. ಜಪಾನಿನದೇ ಉರುಶಿ ಅಂದರೆ ಹೆಚ್ಚಿನದು ಇವಾತೆ ಪ್ರಾಂತ್ಯದ ನಿನೊಹೆ ಊರಿನ ಜೋಬೋಜಿ ಕಡೆಯದು. ದೇಶದಲ್ಲಿ ಬಳಸುವ ಉರುಶಿಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಚೀನಾದಿಂದ ಬರುತ್ತದೆ. ಕಲಿಯುವವರಿಗೆ ಚೀನಾದ್ದೇ ಧಾರಾಳ.

---

ಚಹಾಬಟ್ಟಲು (ಏಪ್ರಿಲ್)

ಬದುಕಿದ್ದೇನೆ. ಎರಡು ತಟ್ಟೆ ಒಡೆದು ಕಲಿತೆ. ಮೊದಲನೆಯದರಲ್ಲಿ ನಿಮ್ಮ ಸೆನ್ಸೆಯ ಮೆಟ್ಟಿಲು ಬಂತು. ಎರಡನೆಯದು ಪರವಾಗಿಲ್ಲ. ಆಮೇಲೆ ಬಟ್ಟಲು ಹಿಡಿದೆ, ಅಂಟಿದೆ! ಕೆಳಗೆ ಇಟ್ಟು ತಟ್ಟಿದರೆ ಟಣ್ ಅನ್ನದೆ ಟಕ್ ಅನ್ನುತ್ತದೆ, ಆದರೆ ಗಟ್ಟಿಯಾಗಿದೆ. ಕೊಕುಸೊ ಮೂರು ಕಂತು ತುಂಬಿದೆ.

ಈಗ ಬಣ್ಣದ ಪ್ರಶ್ನೆ. ಕಿಟ್‌ನ ಪುಡಿ ಹಿತ್ತಾಳೆ ಅಂತ ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಅಸಲಿ ಚಿನ್ನದ ಪುಡಿ 1 ಗ್ರಾಂ ಬೆಲೆ ನೋಡಿ ಫೋನ್ ಕೆಳಗಿಟ್ಟೆ. ಚಿನ್ನ ಹಾಕದಿದ್ದರೆ ಅದು ಕಿಂಟ್ಸುಗಿ ಅನ್ನಿಸಿಕೊಳ್ಳುತ್ತದಾ? ಯಾರೋ ದೊರೆ ಚೀನಾಕ್ಕೆ ಬಟ್ಟಲು ಕಳಿಸಿ, ಅವರು ಕೆಟ್ಟದಾಗಿ ಹೊಲಿದು ಕಳಿಸಿ, ಅದರಿಂದ ಚಿನ್ನದ ವಿದ್ಯೆ ಹುಟ್ಟಿತು ಅಂತ ಎಲ್ಲ ಕಡೆ ಓದಿದೆ.

---

ಎರಡನೇಶನಿವಾರ

ಆ ಕಥೆ ಅರ್ಧ ಮಾತ್ರ ಹೇಳುತ್ತಾರೆ. ದೊರೆ ಅಂದರೆ 15ನೇ ಶತಮಾನದ ಶೋಗನ್ ಆಶಿಕಾಗಾ ಯೊಶಿಮಾಸಾ. ಅವನ ಹಸಿರು ಚೀನೀ ಬಟ್ಟಲು ಬಿರುಕು ಬಿಟ್ಟಿತು, ಇಂಥದ್ದೇ ಇನ್ನೊಂದು ಕೊಡಿ ಅಂತ ಚೀನಾಕ್ಕೆ ಕಳಿಸಿದ, ಇಂಥದ್ದು ಈಗ ಮಾಡಲು ಆಗದು ಅಂತ ಅವರು ಅದಕ್ಕೇ ಲೋಹದ ಕೊಂಡಿ ಹಾಕಿ ವಾಪಸ್ ಕಳಿಸಿದರು ಅನ್ನುವುದು ಕಥೆ. ಆ ಬಟ್ಟಲು ಈಗಲೂ ಇದೆ, ಟೋಕಿಯೋ ರಾಷ್ಟ್ರೀಯ ಮ್ಯೂಸಿಯಂನಲ್ಲಿ, ಹೆಸರು ಬಾಕೋಹಾನ್. ಅದು ಪ್ರದರ್ಶನದಲ್ಲಿದ್ದಾಗ ನಿಮಗೆ ಯೊಕೊಹಾಮಾದಿಂದ ರೈಲಿನಲ್ಲಿ ಹೋಗಿ ನೋಡುವಷ್ಟು ಹತ್ತಿರ. ತಮಾಷೆ ಏನು ಗೊತ್ತಾ, ಅದರಲ್ಲಿ ಒಂದು ಚೂರೂ ಚಿನ್ನ ಇಲ್ಲ. ಆ ಕೊಂಡಿಗಳು ಹಾಗೇ ಇವೆ. ಕೊಂಡಿ ಕೀಟದ ಹಾಗೆ ಕಾಣುತ್ತದೆ ಅಂತ ಅದೇ ಹೆಸರಿಟ್ಟು ಮೆಚ್ಚಿಕೊಂಡರು. ಕೊಂಡಿ ನೋಡಿ ಅಸಹ್ಯಪಟ್ಟು ಚಿನ್ನ ಕಂಡುಹಿಡಿದರು ಅನ್ನುವುದು ಆಮೇಲೆ ಅಂಟಿಸಿದ ತುಂಡು. ಚಿನ್ನ ನೋಡಬೇಕು ಅಂದರೆ ಹೊನಾಮಿ ಕೋಎತ್ಸು 17ನೇ ಶತಮಾನದಲ್ಲಿ ಮಾಡಿದ ‘ಸೆಪ್ಪೋ’ ಬಟ್ಟಲಿನ ಚಿತ್ರ ಹುಡುಕಿ. ಗೂಡಿನಲ್ಲಿ ಸುಡುವಾಗಲೇ ಬಿರುಕು ಬಿಟ್ಟದ್ದು, ಬಿರುಕಿನ ತುಂಬ ಚಿನ್ನ, ಮಿಂಚು ಹೊಡೆದ ಹಾಗಿದೆ.

ಹಿಡಿದು ನಿಲ್ಲಿಸುವುದು ಉರುಶಿ, ಚಿನ್ನ ಮೇಲಿನ ಸೆರಗು. ಬೇಕಿದ್ದರೆ ತವರದ ಪುಡಿ ಇದೆ, ಅಗ್ಗ, ಬಣ್ಣವೂ ಬೇಗ ಮಾಸುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ. ಯಾವುದೂ ಬೇಡ ಅಂದರೆ ಕಪ್ಪು ಅಥವಾ ಕೆಂಪು ಉರುಶಿಯ ಗೆರೆಗೇ ನಿಲ್ಲಿಸಬಹುದು, ನನ್ನ ಮನೆಯ ಅರ್ಧ ಪಾತ್ರೆ ಹಾಗೇ ಇವೆ. ಚಿನ್ನವೇ ಬೇಕು ಅಂದರೆ ಒಂದು ಬಟ್ಟಲಿಗೆ ಅರ್ಧ ಗ್ರಾಮೂ ಹಿಡಿಯುವುದಿಲ್ಲ, 0.1 ಗ್ರಾಂ ಪೊಟ್ಟಣವೂ ಸಿಗುತ್ತದೆ. ಕೆಶಿಫುನ್ ಅನ್ನುವ ತೀರಾ ನುಣ್ಣನೆಯದು ಕಲಿಯುವವರಿಗೆ ಸುಲಭ, ಆದರೆ ದಿನಾ ಬಳಸಿದರೆ ಬೇಗ ಸವೆಯುತ್ತದೆ. ದಪ್ಪ ಕಣದ ಪುಡಿ ಬಾಳಿಕೆ ಬರುತ್ತದೆ, ಆದರೆ ಅದರ ಮೇಲೆ ಮತ್ತೆ ಉರುಶಿ ಕುಡಿಸಿ ನಯ ಮಾಡಿ ಹೊಳಪು ತರಬೇಕು. ಅದಕ್ಕೆ ಹಳಬರು ಮೀನಿನ ಹಲ್ಲು ಬಳಸುತ್ತಿದ್ದರು.

ಮೊದಲು ಕಪ್ಪು ಉರುಶಿ, ಗಟ್ಟಿಯಾದ ಮೇಲೆ ಉಜ್ಜಿ, ಆಮೇಲೆ ಕೆಂಪು ಉರುಶಿಯ ತೀರಾ ತೆಳು ಗೆರೆ. ತೆಳು ಅಂದರೆ ಕೆಳಗಿನ ಕಪ್ಪು ಇಣುಕುವಷ್ಟು. ದಪ್ಪ ಹಾಕಿದರೆ ಚಿನ್ನ ಒಳಗೆ ಮುಳುಗುತ್ತದೆ. ಹಾಕಿದ ತಕ್ಷಣ ಪುಡಿ ಉದುರಿಸಬೇಡಿ. ಸ್ವಲ್ಪ ಹೊತ್ತು ಡಬ್ಬಿಯಲ್ಲಿಟ್ಟು, ತೆಗೆದು, ಬಾಯಿಂದ ಹಾ ಅಂತ ಉಸಿರು ಬಿಡಿ. ಗೆರೆಯ ಮೇಲೆ ನೀಲಿ ಮಂಜು ಬಂದು ಮಾಯವಾದರೆ ಹದ ಬಂತು ಅಂತ.

---

ಚಹಾಬಟ್ಟಲು (ಜೂನ್)

ಕಪ್ಪು ಗೆರೆಗೆ ನಿಲ್ಲಿಸಿದ್ದೇನೆ. ಚಿನ್ನದ ದುಡ್ಡಿಲ್ಲ ಅನ್ನುವುದು ಒಂದು, ಆ ಕಂದು ಕಲೆಯ ಪಕ್ಕ ಚಿನ್ನ ಯಾಕೋ ಮದುವೆಮನೆ ಅನ್ನಿಸಿತು. ಅಜ್ಜಿಗೆ ತೋರಿಸಿದೆ. ಗೆರೆ ನೋಡಿದರು, ಬಟ್ಟಲು ತಿರುಗಿಸಿದರು, ಒಳಗೆ ಮೂಗಿಟ್ಟು ‘ಕಾಫಿ?’ ಅಂದರು. ಸಿಕ್ಕಿಬಿದ್ದೆ.

ಅಂಚಿನ ತೇಪೆಯ ಮೇಲೆ ಕೊನೆಯ ಕೋಟು ಬಾಕಿ ಇದೆ. ನಿನ್ನೆ ಹಾಕಿದ್ದು ಬೆಳಿಗ್ಗೆ ನೋಡಿದರೆ ಮಜ್ಜಿಗೆ ಮೆಣಸಿನಕಾಯಿಯ ಹಾಗೆ ಸುಕ್ಕುಸುಕ್ಕು. ಇಲ್ಲಿ ಮಳೆ ಶುರುವಾಗಿದೆ, ಡಬ್ಬಿಯ ಮೀಟರ್ 88 ತೋರಿಸುತ್ತಿದೆ.

---

ಎರಡನೇಶನಿವಾರ

ಮಳೆಗಾಲದಲ್ಲಿ ಎಲ್ಲರಿಗೂ ಆಗುವುದೇ. ತೇವ ಜಾಸ್ತಿ, ಕೋಟು ದಪ್ಪ, ಮೇಲ್ಪದರ ಬೇಗ ಗಟ್ಟಿಯಾಗಿದೆ, ಒಳಗೆ ಇನ್ನೂ ಹಸಿ. ಒಂದು ವಾರ ಬಿಟ್ಟು ಸುಕ್ಕನ್ನು ಕೆರೆದು ಉಜ್ಜಿ, ಈ ಸಲ ಅರ್ಧದಷ್ಟೇ ಉರುಶಿ ತೆಗೆದುಕೊಳ್ಳಿ. ಒದ್ದೆ ಟವೆಲ್ ತೆಗೆದುಬಿಡಿ, ಮುಚ್ಚಳ ಸ್ವಲ್ಪ ಓರೆ ಮಾಡಿಡಿ.